25 ಅಂತ ಒತ್ತಿದರೆ 25 ಬರುವುದಿಲ್ಲ

(ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಪದವಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಪ್ರೋಗ್ರಾಮಿಂಗ್ ಕಲಿಯುವುದು ಹೇಗೆ’ ಅಂತಿತ್ತು. ಅದನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸುವವರು ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ನಾನು ಒಂದೇ ವಿಷಯ ಹಿಡಿದುಕೊಂಡು ಮಾತಾಡುತ್ತೇನೆ. ಪ್ರೋಗ್ರಾಮ್ ಬಳಸುವವರು ಕೊಡುವ ಇನ್‌ಪುಟ್ ಅನ್ನು ಹೇಗೆ ತೆಗೆದುಕೊಳ್ಳಬೇಕು, ಅಷ್ಟೇ.

ಇದೇ ಯಾಕೆ ಅಂದರೆ, ಲ್ಯಾಬಿನಲ್ಲಿ ಹುಡುಗರು ಕೈ ಎತ್ತಿ ಕರೆಯುವುದು ಹೆಚ್ಚಾಗಿ ಇಲ್ಲೇ. ಫಾರ್ ಲೂಪ್ ಬರುತ್ತದೆ. ಫಂಕ್ಷನ್ ಬರೆಯುತ್ತಾರೆ. ಆಮೇಲೆ ಕರೆಯುತ್ತಾರೆ: “ಮೇಡಂ, ಲಾಜಿಕ್ ಎಲ್ಲಾ ಸರಿ ಇದೆ, ಔಟ್‌ಪುಟ್ ಮಾತ್ರ ಏನೇನೋ ಬರ್ತಿದೆ.” ಹೋಗಿ ನೋಡಿದರೆ ಲಾಜಿಕ್ ನಿಜವಾಗಲೂ ಸರಿಯಾಗಿಯೇ ಇರುತ್ತದೆ. ಒಳಗೆ ಬಂದಿರುವ ವಸ್ತು ಮಾತ್ರ ಅವರು ಅಂದುಕೊಂಡದ್ದಲ್ಲ.

ಒಂದು ಚಿಕ್ಕ ಪ್ರೋಗ್ರಾಮ್ ತಗೊಳ್ಳೋಣ. ಪೈಥಾನ್‌ನಲ್ಲಿ ಎರಡು ವಿಷಯದ ಅಂಕ ಕೇಳಬೇಕು, ಕೂಡಿ ಹೇಳಬೇಕು. ಇನ್‌ಪುಟ್ ಫಂಕ್ಷನ್ ಎರಡು ಸಲ ಕರೆದೆವು, ನಡುವೆ ಕೂಡು ಚಿಹ್ನೆ ಹಾಕಿದೆವು. ಓಡಿಸಿ ಮೊದಲು 45, ಆಮೇಲೆ 38 ಕೊಟ್ಟೆವು. ಬಂದ ಉತ್ತರ 4538. ಎರಡೇ ವಿಷಯಕ್ಕೆ ನಾಲ್ಕು ಸಾವಿರದ ಐನೂರ ಮೂವತ್ತೆಂಟು ಅಂಕ! ಇಂಥ ಯೂನಿವರ್ಸಿಟಿ ಇದ್ದರೆ ನಾನೂ ಸೇರುತ್ತಿದ್ದೆ.

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡೋಣ. ನೀವು ಕೀಬೋರ್ಡಿನಲ್ಲಿ 4 ಒತ್ತುತ್ತೀರಿ. ನಿಮ್ಮ ಪ್ರೋಗ್ರಾಮಿಗೆ ಅದು ಆಗ ಗೊತ್ತೇ ಆಗುವುದಿಲ್ಲ. ಮಧ್ಯದಲ್ಲಿ ಟರ್ಮಿನಲ್, ಅಂದರೆ ನೀವು ಟೈಪ್ ಮಾಡುವ ಆ ವಿಂಡೋ ಇದೆ, ಅದು ಹಿಡಿದಿಟ್ಟುಕೊಳ್ಳುತ್ತದೆ. 5 ಒತ್ತುತ್ತೀರಿ, ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಾಯಿತು ಅಂತ ಬ್ಯಾಕ್‌ಸ್ಪೇಸ್ ಒತ್ತಿದರೆ ಅದನ್ನು ಅಳಿಸುವುದು ಕೂಡ ಸಾಮಾನ್ಯವಾಗಿ ಈ ಮಧ್ಯದವರದ್ದೇ ಕೆಲಸ. ಎಂಟರ್ ಒತ್ತಿದ ಮೇಲೆ ಇಡೀ ಸಾಲು ಒಟ್ಟಿಗೆ ಪ್ರೋಗ್ರಾಮಿಗೆ ಬರುತ್ತದೆ. ಬರುವುದು ನಲವತ್ತೈದು ಎಂಬ ಸಂಖ್ಯೆಯಲ್ಲ. ‘4’ ಎಂಬ ಗುರುತು, ಅದರ ಪಕ್ಕ ‘5’ ಎಂಬ ಗುರುತು. ಕಂಪ್ಯೂಟರಿನೊಳಗೆ ಆ 4ರ ಸಂಕೇತ 52, ಆ 5ರ ಸಂಕೇತ 53. ನಲವತ್ತೈದು ಅಲ್ಲೆಲ್ಲೂ ಇಲ್ಲ. ಎರಡು ಗುರುತುಗಳ ಒಂದು ದಾರ ಇದೆ, ಅದಕ್ಕೇ ಸ್ಟ್ರಿಂಗ್ ಅನ್ನುವುದು. ಸ್ಟ್ರಿಂಗುಗಳ ನಡುವೆ ಕೂಡು ಚಿಹ್ನೆ ಹಾಕಿದರೆ ಪೈಥಾನ್ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ಅದು ಹೇಳಿದ್ದನ್ನೇ ಮಾಡಿದೆ.

ಕೂಡುವ ಬದಲು ಕಳೆದಿದ್ದರೆ? ಮನೆಯ ಕರೆಂಟ್ ಬಿಲ್ ಲೆಕ್ಕ ಹಾಕಲು ಹೊರಟವರಿಗೆ ಇದು ಗೊತ್ತು. ಈ ತಿಂಗಳ ರೀಡಿಂಗ್‌ನಿಂದ ಹೋದ ತಿಂಗಳದ್ದನ್ನು ಕಳೆಯಲು ಹೋದರೆ ಪೈಥಾನ್ ತಕ್ಷಣ ಕೆಂಪು ಅಕ್ಷರದಲ್ಲಿ ಟೈಪ್‌ಎರರ್ ಎಸೆಯುತ್ತದೆ. ನನ್ನ ಪ್ರಕಾರ ಅದು ಒಳ್ಳೆಯದೇ ಆಯಿತು. ಕಿರುಚಿಕೊಳ್ಳುವ ತಪ್ಪಿಗೆ ಹೆದರಬೇಡಿ. ಸುಮ್ಮನೆ ಕೂತು ತಪ್ಪು ಉತ್ತರ ಕೊಡುವುದಕ್ಕೆ ಹೆದರಿ. ಮೂರು ಜನರ ಅಂಕ ತಗೊಂಡು ಟಾಪರ್ ಯಾರು ಅಂತ ಹುಡುಕುವ ಪ್ರೋಗ್ರಾಮ್ ಬರೆಯಿರಿ. 87, 95, 100 ಕೊಡಿ. ಸಂಖ್ಯೆಗೆ ಬದಲಾಯಿಸದೆ ಮ್ಯಾಕ್ಸ್ ಕೇಳಿದರೆ 95 ಬರುತ್ತದೆ. ಯಾಕೆಂದರೆ ಸ್ಟ್ರಿಂಗುಗಳನ್ನು ಹೋಲಿಸುವುದು ನಿಘಂಟಿನ ಕ್ರಮದಲ್ಲಿ. ಮೊದಲ ಗುರುತು 1 ಇರುವುದು 9ಕ್ಕಿಂತ ಹಿಂದೆ. ನೂರಕ್ಕೆ ನೂರು ತೆಗೆದ ಹುಡುಗಿ ಅಲ್ಲಿಗೆ ಕೊನೆಯವಳು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇನ್ನೂ ತಮಾಷೆ ಅಂದರೆ, ಮೂವರಿಗೂ ಎರಡಂಕಿಯ ಅಂಕಗಳೇ ಬಂದಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ನೀವು ಟೆಸ್ಟ್ ಮಾಡುವಾಗ ಕೊಟ್ಟದ್ದೂ ಅಂಥವೇ ಇರುತ್ತವೆ.

“ಹಾಗಾದರೆ ಪೈಥಾನೇ ನೋಡಿಕೊಂಡು ಸಂಖ್ಯೆ ಅಂತ ತಿಳ್ಕೋಬಾರದಾ?” ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದು ಕಾಲಕ್ಕೆ ಹಾಗೇ ಇತ್ತು. ಪೈಥಾನ್ 2ರಲ್ಲಿ ಇನ್‌ಪುಟ್ ಅಂದರೆ, ಟೈಪ್ ಮಾಡಿದ್ದನ್ನು ಪೈಥಾನ್ ಕೋಡ್ ಅಂತಲೇ ತಿಳಿದು ಓಡಿಸಿ, ಬಂದ ಉತ್ತರವನ್ನು ಕೊಡುತ್ತಿತ್ತು. 45 ಒತ್ತಿದರೆ ಸಂಖ್ಯೆ 45 ಬರುತ್ತಿತ್ತು. ಹಿತವಾಗಿತ್ತು, ಅಲ್ವಾ? ಈಗ ಎಲ್ಲರೂ ಬರೆಯುವ ಆ ಆಟ ನೆನಪಿಸಿಕೊಳ್ಳಿ. ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ನೀವು ಊಹಿಸಬೇಕು. ಆ ಸಂಖ್ಯೆ ‘ಸೀಕ್ರೆಟ್’ ಎಂಬ ವೇರಿಯಬಲ್‌ನಲ್ಲಿದೆ. ಪೈಥಾನ್ 2ರಲ್ಲಿ ಆಡುವವರು ಸಂಖ್ಯೆಯನ್ನೇ ಕೊಡಬೇಕಾಗಿರಲಿಲ್ಲ. ಸೀಕ್ರೆಟ್ ಅಂತ ವೇರಿಯಬಲ್ ಹೆಸರನ್ನೇ ಟೈಪ್ ಮಾಡಿದರೆ ಸಾಕು, ಮೊದಲ ಸಲಕ್ಕೇ ಗೆಲುವು. ಇದು ಆಟದ ಮಾತಾಯಿತು. ಫೈಲ್ ಅಳಿಸುವ ಆದೇಶವನ್ನು ಟೈಪ್ ಮಾಡಿದ್ದರೂ ಅದು ಅಷ್ಟೇ ವಿಧೇಯವಾಗಿ ಅಳಿಸುತ್ತಿತ್ತು.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ ಇದನ್ನು ಕಿತ್ತು ಹಾಕಿದರು. ಈಗ ಇನ್‌ಪುಟ್ ಕೊಡುವುದು ಬರೀ ಸ್ಟ್ರಿಂಗ್. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಹಳೆಯ ನೋಟ್ಸು, ಹಳೆಯ ವಿಡಿಯೊ ನೋಡಿ ಕಲಿಯುವವರು ಮಾತ್ರ “ಅಲ್ಲಿ ಹಾಗೇ ಕೂಡ್ತಿದ್ರು, ನನಗೆ ಯಾಕೆ ಬರ್ತಿಲ್ಲ” ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ವಿಡಿಯೊದ ತಾರೀಖು ಮೊದಲು ನೋಡಿ.

ಈಗ ಸಂಖ್ಯೆಗೆ ಬದಲಾಯಿಸುವ ಇಂಟ್ ಫಂಕ್ಷನ್‌ಗೆ ಬರೋಣ. ಅದಕ್ಕೂ ಮುಂಚೆ ಒಂದು ಮಾತು. ಅಂಕಿಗಳಿವೆ ಅಂದ ಮಾತ್ರಕ್ಕೆ ಎಲ್ಲವೂ ಸಂಖ್ಯೆಯಲ್ಲ. ಮೊಬೈಲ್ ನಂಬರ್, ಆಧಾರ್, ಪಿನ್‌ಕೋಡ್, ಬ್ಯಾಂಕ್ ಖಾತೆ ಇವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಇಬ್ಬರ ಮೊಬೈಲ್ ನಂಬರಿನ ಸರಾಸರಿ ತೆಗೆದು ಏನು ಮಾಡುವುದು? ಇವನ್ನು ಸ್ಟ್ರಿಂಗ್ ಆಗಿಯೇ ಬಿಡಿ. ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗಿದ್ದರೆ ಇಂಟ್‌ಗೆ ಹಾಕಿದ ಕೂಡಲೇ ಆ ಸೊನ್ನೆಗಳು ಮಾಯ. ಆಮೇಲೆ ಎಲ್ಲಿಂದ ತರುತ್ತೀರಿ?

ಇಂಟ್‌ಗೆ 25 ಕೊಟ್ಟರೆ ಸರಿ. ಅಕ್ಕಪಕ್ಕ ಖಾಲಿ ಜಾಗ ಇದ್ದರೂ ಸರಿ, ಅದು ತೆಗೆದುಕೊಳ್ಳುತ್ತದೆ. ಮೈನಸ್ 5 ಕೊಟ್ಟರೂ ಸರಿ. ಆದರೆ 25.5 ಕೊಟ್ಟರೆ ಒಪ್ಪುವುದಿಲ್ಲ. ನಾವೆಲ್ಲ ಬರೆಯುವ ಹಾಗೆ 1,000 ಅಂತ ಅಲ್ಪವಿರಾಮ ಹಾಕಿದರೆ ಒಪ್ಪುವುದಿಲ್ಲ. ‘25 ವರ್ಷ’ ಅಂದರೆ ಒಪ್ಪುವುದಿಲ್ಲ. ಸುಮ್ನೆ ಎಂಟರ್ ಒತ್ತಿದರೂ ಒಪ್ಪುವುದಿಲ್ಲ. ಆಗ ವ್ಯಾಲ್ಯೂಎರರ್ ಬರುತ್ತದೆ. ‘ಇನ್‌ವ್ಯಾಲಿಡ್ ಲಿಟರಲ್ ಫಾರ್ ಇಂಟ್ ವಿತ್ ಬೇಸ್ 10’ ಅಂತ ಒಂದು ಸಾಲು. ಇದನ್ನು ಕಂಡ ಕೂಡಲೇ ವಿಂಡೋ ಮುಚ್ಚುವವರೇ ಜಾಸ್ತಿ. ದಯವಿಟ್ಟು ಆ ಸಾಲಿನ ತುದಿ ತನಕ ಓದಿ. ತುದಿಯಲ್ಲಿ ಉದ್ಧರಣ ಚಿಹ್ನೆಗಳ ನಡುವೆ, ಒಳಗೆ ಬಂದದ್ದು ಏನು ಅಂತ ಹಾಗ್ಹಾಗೇ ತೋರಿಸಿರುತ್ತದೆ. ಅಲ್ಲಿ 25.5 ಕಂಡರೆ ದಶಾಂಶ ಕೊಟ್ಟಿದ್ದಾರೆ. ಎರಡು ಚಿಹ್ನೆಗಳ ನಡುವೆ ಏನೂ ಇಲ್ಲದಿದ್ದರೆ ಬರೀ ಎಂಟರ್ ಒತ್ತಿದ್ದಾರೆ. ಪ್ರೋಗ್ರಾಮಿನ ಯಾವ ಸಾಲಿನಲ್ಲಿ ಅಂತಲೂ ಮೇಲೆ ಬರೆದಿರುತ್ತದೆ. ಇಷ್ಟು ಸ್ಪಷ್ಟವಾಗಿ ದೂರು ಬರೆದುಕೊಡುವವರು ನಿಜ ಜೀವನದಲ್ಲಿ ಸಿಗುವುದಿಲ್ಲ.

ಮತ್ತೆ ಕೇಳುವುದು ಹೇಗೆ? ಒಂದು ವೈಲ್ ಲೂಪ್. ಒಳಗೆ ಟ್ರೈ, ಅಂದರೆ ‘ಮಾಡಿ ನೋಡು, ಎರರ್ ಬಂದರೆ ಕೆಳಗಿನ ಎಕ್ಸೆಪ್ಟ್‌ಗೆ ಹೋಗು’ ಅಂತ. ಅದರಲ್ಲಿ ಇನ್‌ಪುಟ್ ತಗೊಂಡು ಇಂಟ್ ಮಾಡುವ ಒಂದೇ ಸಾಲು. ಸರಿಯಾದರೆ ಬ್ರೇಕ್. ವ್ಯಾಲ್ಯೂಎರರ್ ಬಂದರೆ ಏನು ಬೇಕಿತ್ತು ಅಂತ ಹೇಳಿ ಮತ್ತೆ ಮೇಲಕ್ಕೆ. ಇಲ್ಲಿ ಎರಡು ಕೆಟ್ಟ ಚಟಗಳಿವೆ. ಒಂದು, ಇಡೀ ಪ್ರೋಗ್ರಾಮನ್ನೇ ಟ್ರೈ ಒಳಗೆ ತುರುಕುವುದು. ಆಗ ನೀವು ಕೆಳಗೆ ಬೇರೆಲ್ಲೋ ಮಾಡಿದ ತಪ್ಪಿಗೂ ಪಾಪ ಬಳಸುವವರನ್ನೇ ‘ಸರಿಯಾದ ಸಂಖ್ಯೆ ಕೊಡಿ’ ಅಂತ ಬೈಯುತ್ತಿರುತ್ತೀರಿ. ಎರಡನೆಯದು, ಎಕ್ಸೆಪ್ಟ್ ಮುಂದೆ ಯಾವ ಎರರ್ ಅಂತ ಹೇಳದೆ ಬರೀ ಎಕ್ಸೆಪ್ಟ್ ಬರೆಯುವುದು. ಅದು ಕಂಟ್ರೋಲ್-ಸಿ ಒತ್ತಿದ್ದನ್ನೂ ನುಂಗಿಬಿಡುತ್ತದೆ. ಬೇಸತ್ತು ಹೊರಗೆ ಹೋಗೋಣ ಅಂದವರಿಗೂ ‘ಸರಿಯಾದ ಸಂಖ್ಯೆ ಕೊಡಿ’. ಲ್ಯಾಬಿನಲ್ಲಿ ಇಂಥ ಪ್ರೋಗ್ರಾಮಿನಿಂದ ಬಿಡಿಸಿಕೊಳ್ಳಲು ಟರ್ಮಿನಲ್ ವಿಂಡೋವನ್ನೇ ಮುಚ್ಚಬೇಕಾಗುತ್ತದೆ.

ಹೌದು-ಇಲ್ಲ ಕೇಳುವಲ್ಲಿ ಇನ್ನೊಂದು ಗುಂಡಿ. ‘ಉತ್ತರ ವೈ ಆಗಿದ್ದರೆ ಅಥವಾ ಯೆಸ್’ ಅಂತ ನಾವು ಮಾತಾಡುವ ಹಾಗೇ ಇಫ್ ಬರೆಯುತ್ತಾರೆ. ಪೈಥಾನ್‌ಗೆ ಅದು ಎರಡು ಬೇರೆ ಪ್ರಶ್ನೆ: ಉತ್ತರ ವೈಗೆ ಸಮವೇ, ಅಥವಾ, ಯೆಸ್ ಎಂಬ ಸ್ಟ್ರಿಂಗ್ ನಿಜವೇ? ಖಾಲಿ ಅಲ್ಲದ ಸ್ಟ್ರಿಂಗ್ ಯಾವಾಗಲೂ ನಿಜ. ಹಾಗಾಗಿ ‘ಬೇಡ’ ಅಂದರೂ ಪ್ರೋಗ್ರಾಮ್ ಮುಂದುವರಿಯುತ್ತದೆ. ‘ಫೈಲ್ ಅಳಿಸಲಾ?’ ಅಂತ ಕೇಳುವ ಕಡೆ ಇದಾದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಇಲ್ಲಿ ಅರ್ಧದಷ್ಟು ಜನ ಸಿ ಕಲಿಯುತ್ತಿರುವವರು ಇದ್ದೀರಿ. ನಿಮ್ಮ ಪಾಡು ಇನ್ನೂ ಕಷ್ಟ. ಇನ್‌ಪುಟ್ ಓದಲು ನಿಮಗೆ ಕೊಡುವುದು ಸ್ಕ್ಯಾನ್‌ಎಫ್ ಎಂಬ ಫಂಕ್ಷನ್. ಸ್ಕ್ಯಾನ್‌ಎಫ್ ನನ್ನ ಮಟ್ಟಿಗೆ ಹೊಸಬರಿಗೆ ಕೊಡಬಾರದ ವಸ್ತು. ಕೊಡುವುದೇ ಮೊದಲ ವಾರದಲ್ಲಿ. ವೇರಿಯಬಲ್ ಹಿಂದೆ ಆಂಪರ್‌ಸ್ಯಾಂಡ್ ಯಾಕೆ ಅಂತ ವಿವರಿಸುವ ಹೊತ್ತಿಗೆ ಪಾಯಿಂಟರ್ ಪಾಠಕ್ಕೆ ಇನ್ನೂ ತಿಂಗಳುಗಟ್ಟಲೆ ಇರುತ್ತದೆ. ‘ಸುಮ್ನೆ ಹಾಕ್ಕೊಳ್ಳಿ’ ಅಂತ ಹೇಳಿ ಮುಂದೆ ಹೋಗುತ್ತೇವೆ.

ಸ್ಕ್ಯಾನ್‌ಎಫ್ ಒಳಗೆ ಏನಾಗುತ್ತದೆ ಅಂತ ಒಂದು ಉದಾಹರಣೆಯಲ್ಲೇ ನೋಡೋಣ. ಮೆನು ಪ್ರೋಗ್ರಾಮ್. 1 ಒತ್ತಿದರೆ ಸೇರಿಸು, 2 ಒತ್ತಿದರೆ ತೆಗೆ, 3 ಒತ್ತಿದರೆ ಹೊರಗೆ. ಶೇಕಡಾ-ಡಿ ಹಾಕಿ ಪೂರ್ಣಾಂಕ ಕೇಳಿದ್ದೀರಿ. ಯಾರೋ ಬಂದು ‘ಎ’ ಒತ್ತುತ್ತಾರೆ. ಮೆನು ಪರದೆ ತುಂಬ ಪಟಪಟ ಅಂತ ಓಡತೊಡಗುತ್ತದೆ, ನಿಲ್ಲುವುದೇ ಇಲ್ಲ. ಸ್ಕ್ಯಾನ್‌ಎಫ್‌ಗೆ ಅಂಕಿ ಬೇಕಿತ್ತು, ಎದುರಿಗೆ ಕಂಡದ್ದು ‘ಎ’. ಅದು ಬೇಡ ಅಂತ ವಾಪಸ್ ಬಂತು. ಆದರೆ ಆ ‘ಎ’ಯನ್ನು ಬಫರಿನಿಂದ, ಅಂದರೆ ಒತ್ತಿದ ಗುರುತುಗಳು ಸರದಿ ಕಾಯುವ ಜಾಗದಿಂದ, ತೆಗೆದು ಹಾಕಲಿಲ್ಲ. ಲೂಪ್ ಸುತ್ತಿ ಬಂದು ಮತ್ತೆ ಕೇಳಿದರೆ ಎದುರಿಗೆ ಅದೇ ‘ಎ’. ಬ್ಯಾಂಕ್ ಕೌಂಟರಿನಲ್ಲಿ ಫಾರಂ ಸರಿ ಇಲ್ಲ ಅಂತ ವಾಪಸ್ ಕೊಟ್ಟ ಮೇಲೂ ಒಬ್ಬರು ಪಕ್ಕಕ್ಕೆ ಸರಿಯದೆ ಅದೇ ಫಾರಂ ಮತ್ತೆ ಮತ್ತೆ ನೀಡುತ್ತಿದ್ದರೆ ಕ್ಯೂ ಮುಂದೆ ಹೋಗುತ್ತದಾ? ಹಾಗೆ.

ಸ್ಕ್ಯಾನ್‌ಎಫ್ ಒಂದು ಸಂಖ್ಯೆಯನ್ನು ವಾಪಸ್ ಕೊಡುತ್ತದೆ ಅನ್ನುವುದನ್ನೇ ಎಷ್ಟೋ ಜನ ಗಮನಿಸಿರುವುದಿಲ್ಲ. ಎಷ್ಟು ವೇರಿಯಬಲ್‌ಗಳಿಗೆ ಬೆಲೆ ತುಂಬಿದೆ ಅನ್ನುವ ಲೆಕ್ಕ ಅದು. ಒಂದು ಕೇಳಿ ಸೊನ್ನೆ ಬಂದರೆ ಕೆಲಸ ಆಗಿಲ್ಲ ಅಂತ ಅರ್ಥ. ಅದನ್ನು ನೋಡದೆ ಮುಂದೆ ಹೋದರೆ ವೇರಿಯಬಲ್‌ನಲ್ಲಿ ಹಿಂದೆ ಏನಿತ್ತೋ ಅದೇ ಕಸ.

ಇದರ ತಮ್ಮನಂಥ ಇನ್ನೊಂದು ತೊಂದರೆ ಇದೆ. ವಯಸ್ಸು ಕೇಳಿದಿರಿ, ಆಮೇಲೆ ಒಂದು ಅಕ್ಷರ ಕೇಳಿದಿರಿ, ಗಂಡು-ಹೆಣ್ಣು ಗುರುತಿಸಲು ‘ಎಂ’ ಅಥವಾ ‘ಎಫ್’. ಎರಡನೆಯದನ್ನು ಕೇಳಿದಂತೆ ಮಾಡಿ ಕಾಯದೇ ಮುಂದಕ್ಕೆ ಹಾರಿಬಿಡುತ್ತದೆ. ವಯಸ್ಸು ಕೊಟ್ಟು ಒತ್ತಿದಿರಲ್ಲ ಎಂಟರ್, ಅದು ಬಫರಿನಲ್ಲೇ ಉಳಿದಿತ್ತು. ಅದೇ ಅಕ್ಷರ ಅಂತ ತಗೊಂಡು ಹೋಯಿತು. ಜಾವಾದವರು ನಗಬೇಡಿ. ಸ್ಕ್ಯಾನರ್‌ನಲ್ಲಿ ನೆಕ್ಸ್ಟ್‌ಇಂಟ್ ಆದ ಮೇಲೆ ನೆಕ್ಸ್ಟ್‌ಲೈನ್ ಕರೆದರೆ ಖಾಲಿ ಸ್ಟ್ರಿಂಗ್ ಬರುತ್ತದಲ್ಲ, ಅದೂ ಇದೇ ಕಥೆ.

ಇದಕ್ಕೆ, ಬಫರ್ ಖಾಲಿ ಮಾಡಲು ಎಫ್‌ಫ್ಲಶ್ ಫಂಕ್ಷನ್‌ಗೆ ಎಸ್‌ಟಿಡಿಇನ್ (ಕೀಬೋರ್ಡಿನಿಂದ ಬರುವ ಇನ್‌ಪುಟ್) ಕೊಡಿ ಅನ್ನುವ ಮದ್ದು ನೋಟ್ಸಿನಿಂದ ನೋಟ್ಸಿಗೆ ಹಬ್ಬಿದೆ. ಕೆಲವು ಕಂಪೈಲರ್‌ಗಳಲ್ಲಿ ನಡೆಯುತ್ತದೆ, ಕೆಲವದರಲ್ಲಿ ಇಲ್ಲ. ಸಿ ಭಾಷೆಯ ನಿಯಮದಲ್ಲಿ ಅದಕ್ಕೆ ಅರ್ಥವೇ ಇಲ್ಲ. ನಾನು ಹೇಳುವುದು ಇಷ್ಟು: ಯಾವ ಭಾಷೆಯೇ ಆಗಲಿ, ಮೊದಲು ಇಡೀ ಸಾಲನ್ನು ಓದಿಕೊಳ್ಳಿ. ಅದರಲ್ಲಿ ಏನಿದೆ ಅಂತ ಆಮೇಲೆ ಬಿಡಿಸಿ. ಸಿಯಲ್ಲಿ ಎಫ್‌ಗೆಟ್ಸ್‌ನಿಂದ ಸಾಲು ತಗೊಂಡು ಎಸ್‌ಟಿಆರ್‌ಟಿಒಎಲ್‌ನಿಂದ ಸಂಖ್ಯೆ ಮಾಡಿ. ಜಾವಾದಲ್ಲಿ ನೆಕ್ಸ್ಟ್‌ಲೈನ್ ತಗೊಂಡು ಪಾರ್ಸ್‌ಇಂಟ್ ಮಾಡಿ. ಓದುವುದು ಒಂದು ಕೆಲಸ, ಅರ್ಥ ಮಾಡಿಕೊಳ್ಳುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಸಾಲಿನಲ್ಲಿ ಮಾಡಲು ಹೋದಾಗಲೇ ಈ ಫಜೀತಿ.

ಎಫ್‌ಗೆಟ್ಸ್ ಅಂದೆ. ಎಫ್ ಇಲ್ಲದ ಬರೀ ಗೆಟ್ಸ್ ಕೂಡ ಹಳೆಯ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಕಾಣುತ್ತದೆ. ಅದನ್ನು ಮುಟ್ಟಬೇಡಿ. ನೀವು ಹತ್ತು ಅಕ್ಷರಕ್ಕೆ ಜಾಗ ಇಟ್ಟಿದ್ದೀರಿ ಅಂತ ಗೆಟ್ಸ್‌ಗೆ ಗೊತ್ತಿಲ್ಲ. ಹೇಳುವ ದಾರಿಯೂ ಇಲ್ಲ. ನೂರು ಅಕ್ಷರ ಬಂದರೆ ಪಕ್ಕದ ಮೆಮೊರಿಯ ಮೇಲೆಲ್ಲ ಬರೆದುಬಿಡುತ್ತದೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಟಪ್ಪನ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಪ್ರೋಗ್ರಾಮ್ ಇಂಟರ್‌ನೆಟ್‌ನಲ್ಲಿ ಯಂತ್ರದಿಂದ ಯಂತ್ರಕ್ಕೆ ಹರಡಿ ಸಾವಿರಾರು ಕಂಪ್ಯೂಟರ್‌ಗಳನ್ನು ಬಸವಳಿಸಿತು. ಅದು ಒಳಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಯಾರು ಲಾಗಿನ್ ಆಗಿದ್ದಾರೆ ಅಂತ ಹೇಳುವ ಪುಟ್ಟ ಪ್ರೋಗ್ರಾಮ್ ಅದು. ಕೇಳಿದ ಹೆಸರನ್ನು ಗೆಟ್ಸ್‌ನಿಂದ ಓದುತ್ತಿತ್ತು, 512 ಬೈಟ್ ಜಾಗ ಇಟ್ಟಿತ್ತು. ಅದಕ್ಕಿಂತ ಉದ್ದದ ಸಾಲು ಕಳಿಸಿದರು, ಅಷ್ಟೇ. ಅಷ್ಟಾದರೂ ಸಿ ಭಾಷೆಯ ಅಧಿಕೃತ ನಿಯಮದಿಂದ ಗೆಟ್ಸ್ ಪೂರ್ತಿ ಹೊರಗೆ ಹೋಗಲು 2011ರ ತನಕ ಕಾಯಬೇಕಾಯಿತು.

ಸರಿ, ಸಂಖ್ಯೆ ಕೇಳಿದಿರಿ, ಸಂಖ್ಯೆಯೇ ಬಂತು. ಮುಗಿಯಿತಾ? ವಯಸ್ಸು ಮೈನಸ್ 5 ಬಂದರೆ? 250 ಬಂದರೆ?

1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ಯಾರ್ಕ್‌ಟೌನ್ ಹಡಗು ವರ್ಜೀನಿಯಾ ಕರಾವಳಿಯ ಹತ್ತಿರ ಸಮುದ್ರದಲ್ಲಿ ನಿಂತುಬಿಟ್ಟಿತು. ಕಂಪ್ಯೂಟರ್ ಬಳಸಿ ಕಡಿಮೆ ಜನರಿಂದ ಹಡಗು ನಡೆಸಬಹುದು ಅಂತ ತೋರಿಸಲು ಸಿದ್ಧಪಡಿಸಿದ ಹಡಗದು. ಸಿಬ್ಬಂದಿಯೊಬ್ಬರು ಡೇಟಾಬೇಸಿನ ಒಂದು ಖಾನೆಯಲ್ಲಿ ಸೊನ್ನೆ ತುಂಬಿದರು. ಸೊನ್ನೆ ಸಂಖ್ಯೆಯೇ, ಪ್ರೋಗ್ರಾಮ್ ಒಪ್ಪಿಕೊಂಡಿತು. ಆಮೇಲೆ ಎಲ್ಲೋ ಅದರಿಂದ ಭಾಗಿಸಲು ಹೋಯಿತು. ಭಾಗಾಕಾರ ಕೆಟ್ಟಿತು, ಅದರ ಹಿಂದೆ ನೆಟ್‌ವರ್ಕ್ ಬಿತ್ತು, ಅದರ ಹಿಂದೆ ಹಡಗಿನ ಚಾಲನೆಯೂ ನಿಂತಿತು. ಎರಡು ಗಂಟೆಗೂ ಹೆಚ್ಚು ಕಾಲ ಯುದ್ಧನೌಕೆ ನೀರಿನ ಮೇಲೆ ಸುಮ್ಮನೆ ತೇಲುತ್ತಿತ್ತು.

ಇದಕ್ಕಿಂತ ನನಗೆ ಇಷ್ಟವಾದ, ಅಂದರೆ ಪಾಠಕ್ಕೆ ಇಷ್ಟವಾದ ಪ್ರಸಂಗ ಟೋಕಿಯೊದ್ದು. 2005ರ ಡಿಸೆಂಬರ್ 8. ಜೆ-ಕಾಮ್ ಎಂಬ ಕಂಪನಿಯ ಷೇರು ಅವತ್ತೇ ಮಾರುಕಟ್ಟೆಗೆ ಬಂದಿತ್ತು. ಮಿಜುಹೊ ಸೆಕ್ಯುರಿಟೀಸ್‌ನ ಒಬ್ಬರು ಗ್ರಾಹಕರ ಪರವಾಗಿ 1 ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಖಾನೆಗಳು ಅದಲುಬದಲಾದವು. 6,10,000 ಷೇರುಗಳನ್ನು ತಲಾ 1 ಯೆನ್‌ಗೆ ಮಾರುವ ಆದೇಶ ಹೋಯಿತು. ಎರಡೂ ಸಂಖ್ಯೆ ಪೂರ್ಣಾಂಕ. ಎರಡೂ ಧನ ಸಂಖ್ಯೆ. ನಮ್ಮ ಟ್ರೈ-ಎಕ್ಸೆಪ್ಟ್ ಇಲ್ಲಿ ಏನೂ ಮಾಡುವ ಹಾಗಿಲ್ಲ. ಆದರೆ ಆ ಕಂಪನಿಯ ಒಟ್ಟು ಷೇರುಗಳೇ ಸುಮಾರು 14,500! ಇರುವುದಕ್ಕಿಂತ 40 ಪಟ್ಟು ಹೆಚ್ಚು ಮಾರುತ್ತಿದ್ದಾರೆ ಅಂತ ಒಂದು ಹೋಲಿಕೆ ಮಾಡಿ ತಡೆದಿದ್ದರೆ ಸಾಕಿತ್ತು. ಬೆಲೆ ಅಸಹಜವಾಗಿದೆ ಎಂಬ ಎಚ್ಚರಿಕೆಯೇನೋ ಪರದೆ ಮೇಲೆ ಬಂದಿತ್ತು. ಅದನ್ನು ದಾಟಿ ಮುಂದೆ ಹೋದರು. ರದ್ದು ಮಾಡಲು ಕಳಿಸಿದ ಆದೇಶಗಳನ್ನು ಷೇರುಪೇಟೆಯ ವ್ಯವಸ್ಥೆ ಸ್ವೀಕರಿಸಲಿಲ್ಲ, ಅಲ್ಲೂ ಒಂದು ದೋಷವಿತ್ತು. ನಷ್ಟ 2,700 ಕೋಟಿ ಯೆನ್‌ಗೂ ಮೀರಿತು.

ಆ ಎಚ್ಚರಿಕೆಯ ವಿಷಯ ನೋಡಿ. ಎಲ್ಲದಕ್ಕೂ ‘ಖಚಿತವೇ?’ ಅಂತ ಕೇಳುವ ಪ್ರೋಗ್ರಾಮಿಗೆ ನಮ್ಮ ಕೈ ತಾನಾಗಿಯೇ ‘ಓಕೆ’ ಒತ್ತಿಬಿಡುತ್ತದೆ. ನೀವೂ ದಿನಾ ಫೋನಿನಲ್ಲಿ ಒತ್ತುತ್ತೀರಿ. ‘ಈ ಕಂಪನಿಯ ಒಟ್ಟು ಷೇರು ಇಷ್ಟು, ನೀವು ಮಾರುತ್ತಿರುವುದು ಇಷ್ಟು’ ಅಂತ ಎರಡು ಸಂಖ್ಯೆಯನ್ನು ಪಕ್ಕಪಕ್ಕ ತೋರಿಸಿದರೆ ಕೈ ನಿಲ್ಲುತ್ತದೆ. ನಿಮ್ಮ ಪುಟ್ಟ ಪ್ರೋಗ್ರಾಮಿಗೂ ಇದೇ ಮಾತು. ‘ತಪ್ಪು ಇನ್‌ಪುಟ್’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಡಿ. ‘ವಯಸ್ಸನ್ನು ಅಂಕಿಯಲ್ಲಿ ಬರೆಯಿರಿ, 34 ಅನ್ನುವ ಹಾಗೆ. ನೀವು ಬರೆದದ್ದು: ಮೂವತ್ನಾಲ್ಕು’ ಅನ್ನಿ. ಪ್ರೋಗ್ರಾಮ್ ಬಳಸುವವರು ನಿಮ್ಮ ಅಜ್ಜಿಯೂ ಆಗಿರಬಹುದು.

ಇನ್ನು ನಮ್ಮ ಕನ್ನಡದ ವಿಷಯ. ಇದನ್ನು ಯಾವ ಟ್ಯುಟೋರಿಯಲ್ಲೂ ಹೇಳಿಕೊಡುವುದಿಲ್ಲ.

ಪೈಥಾನ್ 3ರಲ್ಲಿ ಇಂಟ್‌ಗೆ ೨೫ ಅಂತ ಕನ್ನಡ ಅಂಕಿಯಲ್ಲೇ ಕೊಡಿ. ಚೆನ್ನಾಗಿ 25 ಮಾಡಿಕೊಡುತ್ತದೆ! ಜಾವಾದ ಪಾರ್ಸ್‌ಇಂಟ್ ಕೂಡ ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಮಾಡುವುದಿಲ್ಲ, ‘ಸಂಖ್ಯೆಯಲ್ಲ’ ಅಂದುಬಿಡುತ್ತದೆ. ಅಂಕಿಗೆ ಸಿಗುವ ಮರ್ಯಾದೆ ಹೆಸರಿಗೆ ಸಿಗುವುದಿಲ್ಲ. ಹೆಸರಿನಲ್ಲಿ ಬರೀ ಅಕ್ಷರಗಳಿವೆಯಾ ಅಂತ ನೋಡಲು ಹೊಸಬರು ಇಸ್‌ಆಲ್ಫಾ ಬಳಸುತ್ತಾರೆ. ಅದಕ್ಕೆ ‘ಕಮಲ’ ಕೊಡಿ, ಹೌದು ಅನ್ನುತ್ತದೆ. ‘ಗೀತಾ’ ಕೊಡಿ, ಅಲ್ಲ ಅನ್ನುತ್ತದೆ. ಕಮಲಳಿಗೆ ಒಂದು ನ್ಯಾಯ, ಗೀತಾಳಿಗೆ ಒಂದು ನ್ಯಾಯ! ಕಾರಣ ಇಷ್ಟೇ. ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕ, ಮ, ಲ ಅಕ್ಷರಗಳು. ಗೀ ಅನ್ನುವುದು ಗ ಮತ್ತು ಅದಕ್ಕೆ ಸೇರಿಸಿದ ದೀರ್ಘದ ಗುರುತು, ಎರಡು ತುಂಡು. ಆ ಗುರುತು ಅಕ್ಷರಗಳ ಪಟ್ಟಿಯಲ್ಲಿಲ್ಲ, ಬೇರೆ ಪಟ್ಟಿಯಲ್ಲಿದೆ. ಇಸ್‌ಆಲ್ಫಾ ಅಕ್ಷರಗಳ ಪಟ್ಟಿಯನ್ನು ಮಾತ್ರ ನೋಡುತ್ತದೆ. ಗುಣಿತಾಕ್ಷರ, ಒತ್ತಕ್ಷರ ಇರುವ ಯಾವ ಹೆಸರೂ ಪಾಸಾಗುವುದಿಲ್ಲ. ಅಂದರೆ ನಮ್ಮಲ್ಲಿ ಮುಕ್ಕಾಲು ಮೂರುವೀಸ ಪಾಲು ಜನ ಫೇಲು.

ಉದ್ದದ ಲೆಕ್ಕವೂ ಹೀಗೇ. ‘ಲಕ್ಷ್ಮೀನಾರಾಯಣ’ ನಮ್ಮ ಕಣ್ಣಿಗೆ ಆರು ಅಕ್ಷರ. ಪೈಥಾನ್ ಲೆಕ್ಕದಲ್ಲಿ 13. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಫೈಲಿಗೆ ಬರೆದರೆ 39 ಬೈಟ್. ‘ಹೆಸರು ಹತ್ತು ಅಕ್ಷರ ಮೀರಬಾರದು’ ಅಂತ ಹಾಕಿದ ಕೂಡಲೇ ಲಕ್ಷ್ಮೀನಾರಾಯಣ ಅವರು ಹೊರಗೆ. ಇನ್ನೂ ಒಂದಿದೆ, ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಅಂತ ಟೈಪ್ ಮಾಡುವಾಗ ಜ ಕೆಳಗೆ ಕ ಒತ್ತಾಗದಂತೆ ನಡುವೆ ಒಂದು ಅಗೋಚರ ಗುರುತು ಸೇರುತ್ತದೆ. ಕೆಲವು ಸಲ ಅದು ‘ಸುರೇಶ್’ ತರಹದ ಹೆಸರಿನ ತುದಿಯಲ್ಲೂ ಅಂಟಿಕೊಂಡು ಬರುತ್ತದೆ. ಎರಡು ಸುರೇಶ್ ಪರದೆ ಮೇಲೆ ಒಂದೇ ಥರ ಕಾಣುತ್ತಾರೆ, ಸಮವೇ ಅಂತ ಕೇಳಿದರೆ ಪ್ರೋಗ್ರಾಮ್ ಅಲ್ಲ ಅನ್ನುತ್ತದೆ. ಅಕ್ಕಪಕ್ಕದ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಮಾಡಿದರೂ ಹೋಗುವುದಿಲ್ಲ, ಸ್ಟ್ರಿಪ್ ಲೆಕ್ಕಕ್ಕೆ ಅದು ಖಾಲಿ ಜಾಗವಲ್ಲ. ಹುಡುಕಿದರೆ ಹೆಸರು ಸಿಗುತ್ತಿಲ್ಲ ಅಂತ ಯಾರಾದರೂ ದೂರಿದರೆ ಮೊದಲು ಆ ಸ್ಟ್ರಿಂಗಿನ ಉದ್ದ ಪ್ರಿಂಟ್ ಮಾಡಿ ನೋಡಿ. ಕಣ್ಣು ನಂಬಬೇಡಿ.

ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ತಪಾಸಣೆ ಎಷ್ಟು ಕಮ್ಮಿ ಮಾಡುತ್ತೀರೋ ಅಷ್ಟು ಒಳ್ಳೆಯದು. ಖಾಲಿ ಬಿಟ್ಟಿಲ್ಲ ಅಂತ ನೋಡಿ, ತೀರಾ ಸಾವಿರ ಅಕ್ಷರ ಇಲ್ಲ ಅಂತ ನೋಡಿ, ಬಿಟ್ಟುಬಿಡಿ. ಸರ್‌ನೇಮ್ ಕಡ್ಡಾಯ ಮಾಡಬೇಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಎಂಬುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಖಾನೆ ತುಂಬಿ ಅಮೆರಿಕಕ್ಕೆ ಹೋದವರ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ ಅಚ್ಚಾಗಿರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಅವರ ಹೆಸರಾಗಿಬಿಡುತ್ತದೆ. ಯಾರೋ ಒಂದು ಖಾನೆಯನ್ನು ಕಡ್ಡಾಯ ಮಾಡಿದ್ದರ ಫಲ.

ಮಂಗಳೂರಿನ ಕಡೆ ಹೋದರೆ ಡಿ’ಸೋಜಾ, ಡಿ’ಸಿಲ್ವಾ ಇದ್ದಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಆದ ಮೇಲೆ ಮೇಲುಗಡೆ ಒಂದು ಕೊಂಡಿ. ಡೇಟಾಬೇಸಿಗೆ ಕಳಿಸುವ ಎಸ್‌ಕ್ಯುಎಲ್ ಆದೇಶವನ್ನು ಸ್ಟ್ರಿಂಗುಗಳನ್ನು ಅಂಟಿಸಿ ಕಟ್ಟುವ ಹೊಸಬರ ಪ್ರೋಗ್ರಾಮ್ ಇವರ ಹೆಸರು ಬಂದ ದಿನ ಮುರಿದು ಬೀಳುತ್ತದೆ. ಎಸ್‌ಕ್ಯುಎಲ್‌ನಲ್ಲಿ ಆ ಕೊಂಡಿ ಅಂದರೆ ಸ್ಟ್ರಿಂಗ್ ಮುಗಿಯಿತು ಅಂತ. ಕೊಂಡಿಯ ಮುಂದೆ ಬರೆದದ್ದನ್ನೆಲ್ಲ ಅದು ಆದೇಶ ಅಂತ ಓದುತ್ತದೆ. ಡಿ’ಸೋಜಾ ಅವರು ಪಾಪ ಹೆಸರು ಬರೆದರು. ಕೆಟ್ಟ ಉದ್ದೇಶ ಇರುವವರು ಅಲ್ಲಿ ನಿಜವಾದ ಆದೇಶವನ್ನೇ ಬರೆಯುತ್ತಾರೆ. ಎಸ್‌ಕ್ಯುಎಲ್ ಇಂಜೆಕ್ಷನ್ ಅನ್ನುವುದು ಇದಕ್ಕೇ. ಪೈಥಾನ್ 2ರ ಇನ್‌ಪುಟ್‌ನಲ್ಲಿ ನೋಡಿದ್ದೂ ಇದನ್ನೇ: ಒಳಗೆ ಬಂದ ಮಾತನ್ನು ಪ್ರೋಗ್ರಾಮ್ ಆದೇಶ ಅಂತ ನಂಬಿತು. ಇದಕ್ಕೆ ‘ಕೊಂಡಿ ಹಾಕಬಾರದು’ ಅಂತ ನಿಷೇಧ ಹೇರುವುದು ಉತ್ತರವಲ್ಲ. ಆದೇಶದಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಟ್ಟು, ಹೆಸರನ್ನು ಬೇರೆಯಾಗಿ ಕಳಿಸುವ ವ್ಯವಸ್ಥೆ ಇದೆ. ಪೈಥಾನ್ ಜೊತೆಗೇ ಬರುವ ಎಸ್‌ಕ್ಯುಲೈಟ್‌ನಲ್ಲೂ ಇದೆ. ಅದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ, ಬರೆಯುವುದೂ ಸುಲಭ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.

“ಮೇಡಂ, ಆನ್‌ಲೈನ್ ಕೋಡಿಂಗ್ ಸ್ಪರ್ಧೆಯಲ್ಲೂ ಇಷ್ಟೆಲ್ಲಾ ಚೆಕ್ ಮಾಡಬೇಕಾ?”

ಬೇಡ. ಅಲ್ಲಿ ಇನ್‌ಪುಟ್ ಹೇಗಿರುತ್ತದೆ ಅಂತ ಪ್ರಶ್ನೆಯಲ್ಲೇ ಬರೆದು ಮಾತು ಕೊಟ್ಟಿರುತ್ತಾರೆ. ಅದನ್ನು ನಂಬಿ ಬರೆಯಿರಿ. ಅಲ್ಲಿ ಜನ ಎಡವುವುದು ಬೇರೆ ಕಡೆ. ಎರಡು ಸಂಖ್ಯೆ ಒಂದೇ ಸಾಲಿನಲ್ಲಿ ಬರುತ್ತವೆ, ಇವರು ಇನ್‌ಪುಟ್ ಎರಡು ಸಲ ಕರೆಯುತ್ತಾರೆ. ಒಂದೇ ಸಲ ಕರೆದು, ಆ ಸಾಲನ್ನು ಸ್ಪ್ಲಿಟ್ ಮಾಡಿ, ಅಂದರೆ ಖಾಲಿ ಜಾಗ ಇರುವಲ್ಲಿ ತುಂಡು ಮಾಡಿ. ಇನ್ನೊಂದು, ಇನ್‌ಪುಟ್ ಬ್ರಾಕೆಟ್ಟಿನೊಳಗೆ ‘ಒಂದು ಸಂಖ್ಯೆ ಕೊಡಿ’ ಅಂತ ಬರೆಯುತ್ತಾರೆ. ಅಲ್ಲಿ ಓದುವುದು ಮನುಷ್ಯರಲ್ಲ. ಆ ಮಾತು ನಿಮ್ಮ ಉತ್ತರದ ಜೊತೆ ಸೇರಿಕೊಂಡು ತಪ್ಪು ಅಂತ ಬರುತ್ತದೆ.

“ವೆಬ್‌ಸೈಟ್ ಮಾಡುವಾಗ ಬ್ರೌಸರಿನಲ್ಲೇ ಮೊಬೈಲ್ ನಂಬರ್ ಹತ್ತು ಅಂಕಿ ಇದೆಯಾ ಅಂತ ಚೆಕ್ ಮಾಡಿದರೆ ಸಾಕಾಗಲ್ವಾ?”

ಸಾಕಾಗಲ್ಲ. ಬ್ರೌಸರಿನ ತಪಾಸಣೆ ತುಂಬುವವರ ಅನುಕೂಲಕ್ಕೆ. ತಪ್ಪಾದರೆ ತಕ್ಷಣ ಗೊತ್ತಾಗಲಿ ಅಂತ. ಅದು ಇರಲಿ. ಆದರೆ ನಿಮ್ಮ ಸರ್ವರಿಗೆ ಬರುವುದೆಲ್ಲ ಆ ಫಾರಂ ಮೂಲಕವೇ ಬರಬೇಕು ಅಂತೇನಿಲ್ಲ. ಬ್ರೌಸರೇ ಇಲ್ಲದೆ ಟರ್ಮಿನಲ್‌ನಿಂದ ಒಂದು ಸಾಲಿನ ಆದೇಶದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು. ಹಾಗಾಗಿ ಅದೇ ತಪಾಸಣೆ ಸರ್ವರಿನಲ್ಲೂ ಇನ್ನೊಂದು ಸಲ ಇರಲೇಬೇಕು. ಮಧ್ಯಾಹ್ನದ ಲ್ಯಾಬಿನಲ್ಲಿ ಕರ್ಲ್ ಅನ್ನುವ ಟೂಲ್‌ನಿಂದ ನಿಮ್ಮ ನಿಮ್ಮ ಫಾರಂಗಳಿಗೇ ಒಂಬತ್ತು ಅಂಕಿಯ ನಂಬರ್ ಕಳಿಸಿ ನೋಡೋಣ. ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕೊಂಡು ಬನ್ನಿ.